ಗಂಡು ಸಿಕ್ಕಿಲ್ಲ, ಹೆಣ್ಣು ಸಿಕ್ಕಿಲ್ಲ

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಅಂದವರು ಯಾರೋ ಪುಣ್ಯಾತ್ಮರು, ಈ ಮನೆಗಂತೂ ಬಂದವರಲ್ಲ. ಈ ಮನೆಯ ಅತ್ತೆ-ಮಾವ ಮೂವತ್ತು ವರ್ಷದಿಂದ ದಿನಾ ಉಂಡಿದ್ದಾರೆ, ದಿನಾ ಮಲಗಿದ್ದಾರೆ, ಬೆಳಗ್ಗೆ ಎದ್ದು ಹಲ್ಲುಜ್ಜಿ, ಜಗಳವನ್ನು ನಿನ್ನೆ ಬಿಟ್ಟ ಜಾಗದಿಂದಲೇ ಎತ್ತಿಕೊಂಡಿದ್ದಾರೆ. ಮನೆಗಾಗಿ ಅಲ್ಲ, ಮಗನಿಗಾಗಿ ಅಲ್ಲ. ಜೀರಿಗೆ ಕಾಳಿನಷ್ಟುದ್ದದ ಎರಡು ಹುಳಗಳಿಗಾಗಿ.

ಹುಳ ಅಂದರೆ ಜಿಗಿಹುಳ. ಹುಲ್ಲಿನ ಮೇಲೆ ನಡೆಯುವಾಗ ಕಾಲ ಬಳಿ ಚಿಟಚಿಟ ಅಂತ ಏನೋ ಸಿಡಿಯುತ್ತಲ್ಲ, ಅದೇ. ಹುಲ್ಲಿನ ರಸ ಹೀರಿಕೊಂಡು ತನ್ನ ಪಾಡಿಗೆ ತಾನಿರುತ್ತದೆ. ನೋಡೋಣ ಅಂತ ನೀವು ಬಗ್ಗಿದಿರೋ, ಏಡಿಯ ಹಾಗೆ ಅಡ್ಡಡ್ಡ ಸರಿದು ಕಡ್ಡಿಯ ಆ ಮಗ್ಗುಲಿಗೆ ಹೋಗುತ್ತದೆ. ಆ ಮಗ್ಗುಲಿಗೆ ಬಗ್ಗಿದರೆ ಈ ಮಗ್ಗುಲಿಗೆ. "ತರಕಾರಿ ಹೆಚ್ಚಿ ಕೊಡಿ ಅಂದಾಗ ನಿಮ್ಮ ಮಾವ ಮಾಡೋದೂ ಇದನ್ನೇ," ಅಂತ ಅತ್ತೆ ಸೊಸೆಗೆ ಹೇಳಿಕೊಟ್ಟದ್ದು ಮೊದಲ ಪಾಠ.

ಸೊಸೆ ಈ ವಿದ್ಯೆ ಕಲಿತದ್ದೆಲ್ಲ ಅತ್ತೆಯ ಮಗ್ಗುಲಲ್ಲಿ ಕೂತು. ಅತ್ತೆ ಮಾವ ಇಬ್ಬರೂ ಮ್ಯೂಸಿಯಂನ ಕೀಟ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಅವರು ಖಾಲಿ ಮಾಡಿದ ಜಾಗದಲ್ಲಿ ಈಗ ಸೊಸೆಗೆ ನೌಕರಿ. ಖಾಲಿ ಅನ್ನೋದು ಹೆಸರಿಗೆ ಮಾತ್ರ. ನಿವೃತ್ತಿಯ ಮಾರನೇ ದಿನವೇ ಇಬ್ಬರೂ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ಹಾಜರು. ಇವತ್ತಿಗೂ ತಪ್ಪಿಸಿಲ್ಲ. ಮ್ಯೂಸಿಯಂನ ಹಿಂಬದಿಯ ಕೋಣೆ, ಮೂಗಿಗೆ ಹೊಡೆಯುವ ನುಸಿಗುಳಿಗೆ ವಾಸನೆ, ಕಿಟಕಿಯ ಎಡಕ್ಕೆ ಅತ್ತೆಯ ಬೀರು, ಬಲಕ್ಕೆ ಮಾವನ ಬೀರು, ನಡುವಿನ ಮೇಜಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಸೊಸೆ. ಒಬ್ಬರ ಬೀರು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಮದುವೆಯಾದ ಹೊಸತರಲ್ಲಿ ಮಾವ ಬೆಂಕಿಪೊಟ್ಟಣ ಹುಡುಕುತ್ತ ಅತ್ತೆಯ ಖಾನೆಯನ್ನು ರಪ್ಪಂತ ಎಳೆದು, ಸೂಜಿಗೆ ಚುಚ್ಚಿಟ್ಟ ಒಂದು ಸಾಲು ಹುಳಗಳ ಕಾಲು ಮುರಿದಿದ್ದರು. ಅವತ್ತು ಜಾರಿಗೆ ಬಂದ ಕಾನೂನು ಅದು.

ಮಾವ ನಿಜಕ್ಕೂ ಸಗಣಿ ಹುಳದ ಮನುಷ್ಯ. ಜಿಗಿಹುಳ ಅತ್ತೆಯ ರಾಜ್ಯ. ನಲವತ್ತಕ್ಕೂ ಹೆಚ್ಚು ಹೊಸ ಪ್ರಭೇದಗಳಿಗೆ ಹೆಸರಿಟ್ಟವರು. ಮಾವ ತಮ್ಮ ಇಡೀ ಜೀವಮಾನದಲ್ಲಿ ಹೆಸರಿಟ್ಟ ಜಿಗಿಹುಳ ಒಂದೇ ಒಂದು. ಆ ಒಂದೇ ಜಗಳದ ಮೂಲ.

ಆಗಿದ್ದು ಹೀಗೆ. ಊರಾಚೆ, ನೀರು ಶುದ್ಧ ಮಾಡುವ ಸ್ಥಾವರದ ಹಿಂದೆ, ಒಂದು ಹುಲ್ಲುಗಾವಲಿದೆ. ಅತ್ತೆ ಏಳು ತಿಂಗಳ ಬಸುರಿಯಾಗಿದ್ದಾಗ ಅಲ್ಲಿ ಮಂಡಿಯೂರಿ, ಹುಲ್ಲಿನ ಬುಡ ಬಿಡಿಸಿ ಬಿಡಿಸಿ, ರಬ್ಬರ್ ನಳಿಕೆಯ ಒಂದು ತುದಿ ಬಾಯಲ್ಲಿಟ್ಟು ಹುಳಗಳನ್ನು ಸೀಸೆಯೊಳಕ್ಕೆ ಹೀರುತ್ತಿದ್ದರು. ನೋಡಿದವರು "ಅಯ್ಯೋ, ಈ ಸ್ಥಿತಿಯಲ್ಲಿ ಇದೇನಮ್ಮಾ" ಅನ್ನುತ್ತಿದ್ದರು. ಅತ್ತೆಗೆ ಬಾಯಲ್ಲಿ ನಳಿಕೆ, ಉತ್ತರ ಕೊಡುವ ಹಾಗಿರಲಿಲ್ಲ. ಹಾಗೆ ಸಿಕ್ಕಿದ್ದು ಒಂದು ಹಸಿರು ಹುಳ, ಮೊಂಡು ರೆಕ್ಕೆಯದು, ಹಾರಲಾರದು, ಬುಡ ಬಿಟ್ಟು ಮೇಲೆ ಬಾರದು. ಅದಕ್ಕೆ ಅತ್ತೆ ನೆಲಕ್ಕೆ ಅಂಟಿಕೊಂಡಿರುವುದು ಅನ್ನುವ ಅರ್ಥದ ಲ್ಯಾಟಿನ್ ಹೆಸರಿಟ್ಟರು. ಮನೆಯಲ್ಲಿ ಅದು ನೆಲದಮ್ಮ.

ಮಾವ ಸಂಜೆ ಹೆಂಡತಿಯನ್ನು ಕರೆದುಕೊಂಡು ಹೋಗಲು ಬರುತ್ತಿದ್ದವರು, ಕಾಯುವ ಹೊತ್ತಿಗೆ ಒಂದು ಮಡಚುವ ಕುರ್ಚಿ, ಒಂದು ಬಿಳಿ ಬಟ್ಟೆ, ಒಂದು ದೀಪ, ಫ್ಲಾಸ್ಕಿನಲ್ಲಿ ಚಹಾ ಇಟ್ಟುಕೊಳ್ಳುತ್ತಿದ್ದರು. ದೀಪಕ್ಕೆ ಸಗಣಿ ಹುಳ ಬರುತ್ತವೆ ಅನ್ನೋದು ನೆಪ. ಬಂದದ್ದು ಕಂದು ಬಣ್ಣದ, ಉದ್ದ ರೆಕ್ಕೆಯ, ಬೆನ್ನ ಮೇಲೆ ಎರಡು ಗೆರೆಯ ಒಂದು ಜಿಗಿಹುಳ. "ಇವರೇನು ಹುಳ ಹಿಡಿದರಾ? ಹುಳವೇ ಬಂದು ಇವರ ಚಹಾದಲ್ಲಿ ಬಿತ್ತು," ಅಂತ ಅತ್ತೆ ಇವತ್ತಿಗೂ ಹಂಗಿಸುತ್ತಾರೆ. ಮಾವ ಅದನ್ನು ಚಹಾದಿಂದ ಎತ್ತಿ, ಒರೆಸಿ, ದೀಪವನ್ನು ಇಷ್ಟಪಡುವುದು ಅನ್ನುವ ಅರ್ಥದ ಹೆಸರಿಟ್ಟರು. ಅದು ದೀಪಣ್ಣ. ಎರಡು ಹೆಸರೂ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಅಚ್ಚಾದವು. ಅತ್ತೆಯ ಲೇಖನದ ಕೊನೆಗೆ ಒಂದು ಸಾಲು: ಗಂಡು ಸಿಕ್ಕಿಲ್ಲ. ಮಾವನ ಲೇಖನದ ಕೊನೆಗೆ ಒಂದು ಸಾಲು: ಹೆಣ್ಣು ಸಿಕ್ಕಿಲ್ಲ.

ನೀವು ಈಗಾಗಲೇ ನಗುತ್ತಿದ್ದೀರಿ. ನಗಿ, ಬೇಡ ಅನ್ನಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಆದರೆ ಅವರವರ ಜಾಗದಲ್ಲಿ ನಿಂತು ನೋಡಿ. ಒಂದು ಹಸಿರು, ಒಂದು ಕಂದು. ಒಂದಕ್ಕೆ ಮೊಂಡು ರೆಕ್ಕೆ, ಒಂದಕ್ಕೆ ಉದ್ದ. ಒಂದು ನೆಲ ಬಿಡದು, ಒಂದು ದೀಪ ಬಿಡದು. ಸಾಲದ್ದಕ್ಕೆ ಆ ಬೀರುಗಳ ಕಾನೂನು ಬೇರೆ.

ಇದೆಲ್ಲ ಆಗಿ ಮೂವತ್ತು ವರ್ಷಕ್ಕೆ ಅದೇ ಹುಲ್ಲುಗಾವಲಿನ ಹುಳಗಳ ಸಮೀಕ್ಷೆಯ ಕೆಲಸ ಸೊಸೆಗೆ ಬಂತು. ಅವಳ ಮನಸ್ಸಿನಲ್ಲಿ ಬೇರೊಂದು ಆಸೆಯೂ ಇತ್ತು: ಅತ್ತೆಯ ನೆಲದಮ್ಮನಿಗೆ ಒಂದು ಗಂಡು ಹುಡುಕಿ ತರಬೇಕು. ತಂದು ಅತ್ತೆಯ ಮುಂದೆ ಇಡಬೇಕು. ಹುಳದ ಹೆಸರೇ ಗೊತ್ತಿಲ್ಲದೆ ಮನೆಗೆ ಬಂದ ಸೊಸೆಗೆ ಸೂಜಿ ಹಿಡಿಯುವುದರಿಂದ ಹಿಡಿದು ಎಲ್ಲ ಕಲಿಸಿದವರು ಅವರು. ಅಮ್ಮ ಅಂತ ಬಾಯಲ್ಲಿ ಕರೆಯದಿದ್ದರೂ ಇವಳ ಲೆಕ್ಕದಲ್ಲಿ ಅಮ್ಮನೇ.

ಅವಳು ಹುಲ್ಲಿನ ಬುಡದಿಂದ ಒಂದಷ್ಟು ಮರಿಗಳನ್ನು ಹುಲ್ಲಿನ ಸಮೇತ ತಂದು, ಕುಂಡದಲ್ಲಿ ನೆಟ್ಟು, ಮೇಲೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ, ಮನೆಯ ಅಡುಗೆಮನೆ ಕಿಟಕಿಯಲ್ಲಿಟ್ಟಳು. ಮ್ಯೂಸಿಯಂನಲ್ಲಿಟ್ಟರೆ ನುಸಿಗುಳಿಗೆ ವಾಸನೆಗೇ ಸಾಯುತ್ತವೆ. ಮರಿಗಳೆಲ್ಲ ನೋಡಲು ಒಂದೇ ಥರ, ಹುಲ್ಲಿನ ಬಣ್ಣದವು. ಪೊರೆ ಬಿಟ್ಟು ಬಿಟ್ಟು ದೊಡ್ಡವಾಗುತ್ತಿದ್ದವು.

ಒಂದು ಬೆಳಗ್ಗೆ ಮಾವ ನೀರು ಕುಡಿಯಲು ಬಂದವರು ಲೋಟ ಕೈಯಲ್ಲೇ ಹಿಡಿದು ಕಿಟಕಿಯ ಮುಂದೆ ನಿಂತುಬಿಟ್ಟರು.

"ಬಾರಮ್ಮಾ ಇಲ್ಲಿ. ನನ್ನ ದೀಪಣ್ಣ ನಿಮ್ಮತ್ತೆ ನೆಲದಮ್ಮನ ಜೊತೆ ಏನ್ ಮಾಡ್ತಿದಾನೆ ನೋಡು!"

ಸೊಸೆ ಬಗ್ಗಿ ನೋಡಿದಳು. ಏನು ಮಾಡುತ್ತಿದ್ದ ಅನ್ನೋದನ್ನು ಹುಳ ನೋಡಿ ಪಳಗಿದ ಇಬ್ಬರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಸಿರಿನ ಬಾಲಕ್ಕೆ ಕಂದಿನ ಬಾಲ ಸೇರಿತ್ತು. ಮುಖ ಒಂದರದ್ದು ಮೇಲಕ್ಕೆ, ಒಂದರದ್ದು ಕೆಳಕ್ಕೆ.

"ಮುಖ ತಿರುಗಿಸಿಕೊಂಡು ಕೂತಿದಾರೆ," ಅಂದರು ಮಾವ. "ಮದುವೆ ಆಗಿರೋದು ಖಾತ್ರಿ."

ಸೊಸೆಗೆ ನಗು ಬಂತು, ಹಿಂದೆಯೇ ಅತ್ತೆಯ ನೆನಪಾಯಿತು. ಅಷ್ಟರಲ್ಲಿ ಮಾವ, ಗುಟ್ಟು ಅನ್ನೋದು ಅವರ ಹೊಟ್ಟೆಯಲ್ಲಿ ನಿಲ್ಲೋದೇ ಇಲ್ಲವಲ್ಲ, "ಏ ಇವಳೇ! ನಾವಿಬ್ಬರೂ ಬೀಗರಾದ್ವಿ ಕಣೇ!" ಅಂತ ಕೂಗಿ ಆಗಿತ್ತು.

ಅತ್ತೆ ಬಂದರು. ಕನ್ನಡಕ ಹಾಕಿಕೊಂಡರು. ನೋಡಿದರು. ಕನ್ನಡಕ ತೆಗೆದರು.

"ಪಕ್ಕದಲ್ಲಿ ಕೂತವರೆಲ್ಲ ಗಂಡ ಹೆಂಡತಿ ಆಗೋ ಹಾಗಿದ್ರೆ ಬಸ್ಸಲ್ಲಿ ಓಡಾಡೋಕಾಗ್ತಿರಲಿಲ್ಲ," ಅಂದರು. ಆಮೇಲೆ ಸೊಸೆಯ ಕಡೆ ತಿರುಗಿ, "ಹುಳಗಳೂ ತಪ್ಪು ಮಾಡ್ತವೆ, ಬೇರೆ ಬಗೆಯದರ ಜೊತೆ ಕೂಡ್ತವೆ. ಮರಿಯಾಗಿರುವಾಗಲೇ ಒಂದೊಂದನ್ನೂ ಬೇರೆ ಬೇರೆ ಸಾಕು. ಆಮೇಲೆ ಒಂದು ನೆಲದಮ್ಮ ಒಂದು ದೀಪಣ್ಣನ್ನ ಒಂದು ಕುಂಡಕ್ಕೆ ಬಿಡು. ಅವರ ಮಕ್ಕಳು ಏನಾಗ್ತಾರೆ ನೋಡು. ಅಲ್ಲೀವರೆಗೂ ನನ್ನ ಮುಂದೆ ಈ ಮಾತು ಎತ್ತಬೇಡಿ, ಇಬ್ಬರೂ."

ಧ್ವನಿ ಗಟ್ಟಿಯಾಗೇ ಇತ್ತು. ಆದರೆ ಅವತ್ತು ಒಲೆಯ ಮೇಲಿಟ್ಟ ಹಾಲನ್ನು ಅತ್ತೆ ಉಕ್ಕಿಸಿಬಿಟ್ಟರು. ಅವರ ಕೈಯಲ್ಲಿ ಹಾಲು ಉಕ್ಕಿದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಕುಂಡಗಳು ಹೆಚ್ಚಿದವು. ಕಿಟಕಿ ಸಾಲದೆ ಊಟದ ಮೇಜಿಗೆ ಬಂದವು. ಸೊಸೆಯ ಗಂಡ ಲಿಫ್ಟ್ ರಿಪೇರಿ ಮಾಡುವವನು. ಹುಟ್ಟಿದಾಗಿನಿಂದ ಹುಳಗಳ ನಡುವೆ ಬೆಳೆದು ಹುಳ ಅಂದರೆ ಮಾರು ದೂರ ಓಡುವವನು. ಅವನು ಪಾಪ, ತಟ್ಟೆ ಹಿಡಿದುಕೊಂಡು ನಿಂತೇ ಊಟ ಮಾಡಿದ. "ಹೋಟೆಲಲ್ಲಾದ್ರೆ ಕೂರೋಕೆ ಜಾಗ ಕೊಡ್ತಾರೆ," ಅಂದ. ಅಷ್ಟಕ್ಕೆ ಬಿಟ್ಟ, ಒಳ್ಳೆ ಹುಡುಗ.

ಆ ದಿನಗಳು ಮಾತ್ರ ಎಷ್ಟು ಚೆನ್ನಾಗಿದ್ದವು ಅಂದರೆ, ಸೊಸೆಗೆ ಕೆಲಸಕ್ಕೆ ಹೋಗುವುದೂ ಬೇಸರವಾಗುತ್ತಿತ್ತು. ಜಿಗಿಹುಳ ಮೂಕ ಅಂತ ಜನ ತಿಳಿದಿದ್ದಾರೆ. ಮೂಕ ಅಲ್ಲ. ಹೊಟ್ಟೆ ಅದುರಿಸಿ ಹುಲ್ಲಿನ ಕಡ್ಡಿಯನ್ನೇ ನಡುಗಿಸುತ್ತದೆ. ಆ ನಡುಕ ಕಡ್ಡಿಯಲ್ಲಿ ಹರಿದು ಇನ್ನೊಂದರ ಕಾಲಿಗೆ ಮುಟ್ಟುತ್ತದೆ. ಸೊಸೆ ಮ್ಯೂಸಿಯಂನಿಂದ ಒಂದು ಪುಟ್ಟ ಉಪಕರಣ ತಂದು ಕಡ್ಡಿಗೆ ಸಿಕ್ಕಿಸಿ, ಹೆಡ್‌ಫೋನನ್ನು ಸರದಿಯ ಮೇಲೆ ಎಲ್ಲರ ಕಿವಿಗೂ ಇಟ್ಟಳು. ದೀಪಣ್ಣ ಗುರ್ ಗುರ್ ಗುರ್ ಅಂತ ಬಿಡದೆ ಕರೆಯುತ್ತಾನೆ. ನಿಲ್ಲಿಸುತ್ತಾನೆ. ನೆಲದಮ್ಮ ಇದ್ದ ಜಾಗ ಬಿಟ್ಟು ಕದಲುವುದಿಲ್ಲ. ಮನಸ್ಸು ಬಂದರೆ ಒಂದು ಸಲ ಟಕ್ ಅನ್ನುತ್ತಾಳೆ, ಅಷ್ಟೇ. ಆ ಒಂದು ಟಕ್ಕಿಗೆ ಇವನು ಎದ್ದೆನೋ ಬಿದ್ದೆನೋ ಅಂತ ಕಡ್ಡಿ ಇಳಿದು ಬುಡದ ಕಡೆಗೆ ಓಡುತ್ತಾನೆ.

ಮಾವ ಹೆಡ್‌ಫೋನ್ ತೆಗೆಯಲೇ ಇಲ್ಲ. "ಇದು ನನಗೆ ಗೊತ್ತಿರೋ ಸಂಸಾರ," ಅಂದರು.

"ಕೊಡಿ ಇಲ್ಲಿ," ಅಂತ ಅತ್ತೆ ಕಿತ್ತುಕೊಂಡರು. ತುಂಬಾ ಹೊತ್ತು ಕೇಳಿದರು. ಮೂವತ್ತು ವರ್ಷ ತಾವು ಸೂಜಿಗೆ ಚುಚ್ಚಿ ನೋಡಿದ ಹುಳದ ಧ್ವನಿಯನ್ನು ಅವರು ಕೇಳಿದ್ದು ಅದೇ ಮೊದಲು.

ಮೊಟ್ಟೆ ಇಡುವ ಕ್ರಮವನ್ನೂ ಸೊಸೆ ಕಣ್ಣಾರೆ ಕಂಡಳು. ನೆಲದಮ್ಮ ಹೊಟ್ಟೆಯ ತುದಿಯ ಪುಟ್ಟ ಗರಗಸದಿಂದ ಹುಲ್ಲಿನ ಬುಡವನ್ನು ಸೀಳಿ, ಎರಡೆರಡು ಮೊಟ್ಟೆ ಜೋಡಿಯಾಗಿ ಒಳಗಿಡುತ್ತಿದ್ದಳು. ಆಮೇಲೆ ರೆಕ್ಕೆಯ ಮೇಲಿನ ಬಿಳಿ ಪುಡಿಯನ್ನು ಹಿಂಗಾಲಿನಿಂದ ಕೆರೆದು ಸೀಳಿನ ಮೇಲೆ ಮೆತ್ತುತ್ತಿದ್ದಳು, ಗೋಡೆಯ ಬಿರುಕಿಗೆ ಸುಣ್ಣ ಹಚ್ಚಿದ ಹಾಗೆ. ಅದೇ ಹುಲ್ಲುಗಾವಲಲ್ಲಿ ಇವಳದೇ ಅಕ್ಕನೋ ತಂಗಿಯೋ ಅನ್ನುವಂಥ ಇನ್ನೊಂದು ಹಸಿರು ಜಿಗಿಹುಳ ಇದೆ, ಹೆಣ್ಣುಗಳನ್ನು ನೋಡಿದರೆ ತದ್ರೂಪ. ಅದನ್ನೂ ಒಂದು ಕುಂಡದಲ್ಲಿ ಸಾಕಿದ್ದಳು. ಅದು ಎಲೆಯ ಮೇಲೆ ಒಂಟಿ ಮೊಟ್ಟೆ ಇಟ್ಟು, ಪುಡಿಗಿಡಿ ಏನೂ ಹಚ್ಚದೆ ಹೊರಟುಹೋಗುತ್ತಿತ್ತು.

ಕೊನೆಗೆ ಆ ಜೋಡಿಯ ಮಕ್ಕಳು ಬೆಳೆದು ರೆಕ್ಕೆ ಬಿಚ್ಚಿದವು. ಹೆಣ್ಣುಗಳೆಲ್ಲ ಹಸಿರು, ಮೊಂಡು ರೆಕ್ಕೆ. ಗಂಡುಗಳೆಲ್ಲ ಕಂದು, ಬೆನ್ನ ಮೇಲೆ ಎರಡು ಗೆರೆ. ಇನ್ನು ಎರಡು ಮಾತೇ ಇಲ್ಲ.

ರಾತ್ರಿ ಊಟಕ್ಕೆ ಎಲ್ಲರೂ ಇದ್ದಾಗ ಸೊಸೆ ಹೇಳಿದಳು. ಅತ್ತೆ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಸರಿ. ಒಂದೇ," ಅಂದರು. "ಲೇಖನ ಬರಿ."

"ಹಾಗಾದ್ರೆ ಯಾರ ಹೆಸರು ಉಳಿಯುತ್ತೆ?" ಅಂತ ಲಿಫ್ಟಿನವನು ಕೇಳಿದ. ಅವನಿಗೇನು ಗೊತ್ತು. ಆದರೆ ಎಲ್ಲರ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅದೇ.

ನಿಯಮ ಸರಳ. ಒಂದೇ ಹುಳಕ್ಕೆ ಎರಡು ಹೆಸರು ಬಿದ್ದಿದ್ದರೆ ಮೊದಲು ಅಚ್ಚಾದ ಹೆಸರು ಉಳಿಯುತ್ತದೆ, ಇನ್ನೊಂದು ಅದರ ಕೆಳಗೆ ಹಳೆಯ ಹೆಸರಾಗಿ ಹೋಗುತ್ತದೆ. ಎರಡೂ ಒಂದೇ ದಿನ ಅಚ್ಚಾಗಿದ್ದರೆ? ಇವೆರಡೂ ಒಂದೇ ಅಂತ ಮೊದಲು ಬರೆದವರು ಯಾವುದನ್ನು ಆರಿಸುತ್ತಾರೋ ಅದು. ಅಂದರೆ ಸೊಸೆ. ಎರಡರಲ್ಲಿ ಒಂದು ಹೆಸರನ್ನು ಅವಳೇ ತನ್ನ ಕೈಯಾರೆ ಕೆಳಗಿಳಿಸಬೇಕು. ಅತ್ತ ದರಿ, ಇತ್ತ ಪುಲಿ. ಅತ್ತ ಅತ್ತೆ ಕಷ್ಟಪಟ್ಟು ಹೆಸರಿಟ್ಟ ಮೊಟ್ಟಮೊದಲ ಹುಳ. ಇತ್ತ ಮಾವನ ಇರುವ ಒಂದೇ ಹುಳ.

ಅತ್ತೆ ಕೈ ತೊಳೆದು ಬಂದು ಸೊಸೆಯ ಎದುರು ನಿಂತರು. "ನೋಡು, ಹುಳದ ವಿಷಯದಲ್ಲಿ ನೆಂಟಸ್ತನ ತರಬೇಡ. ಮದುವೆಯಾದಾಗ ಇವರ ಮನೆ ಹೆಸರು ಸೇರಿಸ್ಕೋ ಅಂತ ಎಲ್ಲರೂ ಅಂದ್ರು, ನಾನು ಸೇರಿಸ್ಕೊಳ್ಳಲಿಲ್ಲ. ಈಗ ನನ್ನ ಹುಳಕ್ಕೆ ಇವರಿಟ್ಟ ಹೆಸರು ಬಂದ್ರೆ ನನಗೆ ಸಂಕಟ ಆಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ಆಧಾರ ಇಲ್ದೆ, ಪಾಪ ಅತ್ತೆ ಅಂತ ನನ್ನ ಹೆಸರು ಉಳಿಸಿದ್ಯೋ, ನಿನ್ನ ಕೈಯ ನೀರೂ ಮುಟ್ಟಲ್ಲ."

ಮಾರನೇ ದಿನ ಮಾವ ಮೆಲ್ಲಗೆ ಸೊಸೆಯ ಮೇಜಿನ ಹತ್ತಿರ ಬಂದರು. "ನನ್ನದನ್ನ ತೆಗೆದುಬಿಡಮ್ಮ. ಅವಳ ಮಂಡಿ ಈಗಲೂ ನೋಯುತ್ತೆ, ಅದು ಆ ಹುಲ್ಲುಗಾವಲಿನ ನೋವೇ. ನಾನು ಚಹಾ ಕುಡೀತಾ ಕೂತಿದ್ದೆ."

"ಆಧಾರ ಬೇಕಲ್ಲ ಮಾವ."

"ಮಂಡಿ ನೋವು ಆಧಾರ ಅಲ್ವಾ?"

"ಲೇಖನದಲ್ಲಿ ಬರೆಯೋಕಾಗಲ್ಲ ಮಾವ."

ಆಧಾರ ಇದ್ದದ್ದು ಮಾವನ ಕಡೆಗೇ, ಅದೇ ತೊಂದರೆ. ಸೊಸೆ ಸಲಹೆಗೆ ಹೋದಾಗ ವಿಭಾಗದ ಮುಖ್ಯಸ್ಥರು ಬಿಸ್ಕತ್ತು ಚಹಾದಲ್ಲಿ ಅದ್ದುತ್ತ ಅದನ್ನೇ ಹೇಳಿದರು. ಹೆಸರಿಡುವಾಗ ಆಧಾರವಾಗಿ ಒಂದು ಹುಳವನ್ನು ಕೆಂಪು ಚೀಟಿ ಹಚ್ಚಿ ಎತ್ತಿಡುತ್ತಾರೆ. ಮಾವನ ಕೆಂಪು ಚೀಟಿಯ ಹುಳ ಗಂಡು; ಜಿಗಿಹುಳದ ಗಂಡಿನ ಹೊಟ್ಟೆಯ ತುದಿಯ ಭಾಗಗಳನ್ನು ನೋಡಿದರೆ ಪ್ರಭೇದ ಯಾವುದೆಂದು ನಿಸ್ಸಂದೇಹವಾಗಿ ಹೇಳಬಹುದು. ಅತ್ತೆಯದು ಹೆಣ್ಣು. "ಮೇಡಂ ಬಗ್ಗೆ ನನಗೆ ಗೌರವ ಇದೆ. ಆದರೆ ಆ ಒಣಗಿದ ಹೆಣ್ಣು ಇದೇನಾ, ಇದರ ತಂಗಿಯಾ ಅಂತ ಯಾರು ಹೇಳ್ತಾರೆ? ಅನುಮಾನ ಇರೋ ಹೆಸರನ್ನ ಉಳಿಸಬಾರದು. ಗಂಡಿನ ಹೆಸರನ್ನೇ ಇಡಿ." ತಪ್ಪೇನೂ ಹೇಳಲಿಲ್ಲ ಅವರು. ಸರಿಯಾಗಿದ್ದದ್ದಕ್ಕೇ ಸೊಸೆಗೆ ಅಳು ಬಂದದ್ದು. ಮಂಡಿಯೂರಿದವರಿಗೆ ಸೋಲು, ಕುರ್ಚಿಯಲ್ಲಿ ಕೂತವರಿಗೆ ಗೆಲುವು, ಅದನ್ನು ಬರೆಯಬೇಕಾದ ಕೈ ತನ್ನದು.

ಆ ವಾರ ಅತ್ತೆ ಮ್ಯೂಸಿಯಂಗೆ ಬರಲಿಲ್ಲ. ಮಂಡಿ ನೋವು ಅಂದರು. ಎಡಗಡೆಯ ಬೀರುವಿನ ಮುಂದಿನ ಕುರ್ಚಿ ಖಾಲಿ. ಮಾವ ಬಂದರು, ಆದರೆ ಜಗಳವಾಡಲು ಯಾರೂ ಇಲ್ಲದೆ ಅವರಿಗೆ ಊಟವೇ ಸೇರಲಿಲ್ಲ. ಡಬ್ಬಿ ಅರ್ಧ ಹಾಗೇ ಮುಚ್ಚಿದರು.

ಹೆಸರನ್ನು ಕೆಳಗಿಳಿಸುವುದೇ ಆದರೆ, ಹುಳದ ಚಿತ್ರವನ್ನಾದರೂ ಯಾರೂ ಬರೆಯದಷ್ಟು ಚೆನ್ನಾಗಿ ಬರೆಯುತ್ತೇನೆ ಅಂದುಕೊಂಡಳು ಸೊಸೆ. ಅತ್ತೆ ಅವಳಿಗೆ ಎಂದೋ ಕೊಟ್ಟಿದ್ದ ಬೀಗದಕೈಯಿಂದ ಬೀರು ತೆರೆದು, ಕೆಂಪು ಚೀಟಿಯ ನೆಲದಮ್ಮನನ್ನು ಸೂಕ್ಷ್ಮದರ್ಶಕದಡಿ ಇಟ್ಟಳು. ಸೂಜಿಗೆ ಚುಚ್ಚಿದ ಪುಟ್ಟ ರಟ್ಟಿನ ಮೇಲೆ ಅಂಟಿಸಿದ ಹುಳ. ಹುಳದ ಅಡಿಯಲ್ಲಿ ಒಂದು ಚೂರು ಒಣ ಹುಲ್ಲಿನ ಕಡ್ಡಿ. ಈ ಕಡ್ಡಿಯನ್ನು ಎಲ್ಲರೂ ನೋಡಿದ್ದರು. ಹುಳ ಅಲ್ಲಾಡದಿರಲಿ ಅಂತ ಇಟ್ಟಿದ್ದಾರೆ ಅಂತಲೇ ಎಲ್ಲರ ನಂಬಿಕೆ, ಇವಳದೂ. ಮೇಲಿನಿಂದ ಒಂದು ಚಿತ್ರ ಬರೆದಳು. ಪಕ್ಕದಿಂದ ಇನ್ನೊಂದು ಬರೆಯೋಣ ಅಂತ ಸೂಜಿಯನ್ನು ಓರೆ ಮಾಡಿದಳು.

ಕೈಯಲ್ಲಿದ್ದ ಪೆನ್ಸಿಲ್ ಮೇಜಿನ ಮೇಲೆ ಬಿತ್ತು.

ಹುಳ ಕಡ್ಡಿಯ ಮೇಲೆ ಕೂತಿರಲಿಲ್ಲ. ಹೊಟ್ಟೆಯ ತುದಿಯ ಗರಗಸ ಕಡ್ಡಿಯೊಳಗೆ ಇಳಿದೇ ಇತ್ತು, ಮೂವತ್ತು ವರ್ಷದಿಂದ. ಅದರ ಹಿಂದೆ ಹುಲ್ಲಿನ ಬುಡದಲ್ಲಿ ಸೀಳುಗಳು, ಎರಡೆರಡು ಮೊಟ್ಟೆಯ ಉಬ್ಬು, ಪ್ರತಿಯೊಂದರ ಮೇಲೂ ಬಿಳಿ ಪುಡಿ. ತಂಗಿ ಹುಳ ಹೀಗೆ ಮಾಡುವುದೇ ಇಲ್ಲ. ಅಡುಗೆಮನೆಯ ಕುಂಡದಲ್ಲಿ ಅದನ್ನು ಕಣ್ಣಾರೆ ಕಾಣದೆ ಹೋಗಿದ್ದರೆ ಇವಳಿಗೂ ಈ ಬಿಳಿ ಚುಕ್ಕೆಗಳು ಧೂಳಾಗಿಯೇ ಕಾಣುತ್ತಿದ್ದವು.

"ಮಾವ! ಬನ್ನಿ ಇಲ್ಲಿ!"

ಮಾವ ಬಗ್ಗಿ ನೋಡಿದರು. ತಲೆ ಎತ್ತಿದಾಗ ಕಣ್ಣು ಒದ್ದೆಯಾಗಿತ್ತು. "ನಿಮ್ಮತ್ತೆ ಗಟ್ಟಿಗಿತ್ತಿ ಕಣಮ್ಮ," ಅಂದರು. "ನಾನು ಮೊದಲೇ ಹೇಳಲಿಲ್ವಾ?" ಹೇಳಿರಲಿಲ್ಲ. ಹೋಗಲಿ ಬಿಡಿ.

ಸೊಸೆ ಕೆಲಸ ಬಿಟ್ಟು ಮಧ್ಯಾಹ್ನವೇ ಮನೆಗೆ ಓಡಿದಳು. ಅತ್ತೆ ಕಾಲು ಚಾಚಿಕೊಂಡು ಕುಂಡಗಳ ಮುಂದೆ ಕೂತು, ಹೆಡ್‌ಫೋನ್ ಹಾಕಿಕೊಂಡಿದ್ದರು.

"ಅತ್ತೆ, ಗರಗಸ ಕಡ್ಡಿಯೊಳಗೇ ಇದೆ. ಮೊಟ್ಟೆ ಇದೆ, ಪುಡಿ ಇದೆ. ನಿಮಗೆ ಗೊತ್ತಿತ್ತು!"

ಅತ್ತೆ ಹೆಡ್‌ಫೋನ್ ತೆಗೆದರು. "ಗೊತ್ತಿರದೆ ಏನು. ನಾನೇ ಅಂಟಿಸಿದ್ದಲ್ವಾ."

"ಮತ್ತೆ ಯಾಕೆ ಹೇಳಲಿಲ್ಲ? ನಾನು ಇಷ್ಟು ದಿನ ಒದ್ದಾಡಿದೆನಲ್ಲ ಅತ್ತೆ!"

"ನಾನು ಹೇಳಿದ್ರೆ ಅದು ಶಿಫಾರಸು. ನೀನು ಕಂಡ್ರೆ ಅದು ಆಧಾರ." ಅತ್ತೆ ಹೆಡ್‌ಫೋನಿನ ವೈರು ಸುತ್ತಿಟ್ಟರು. "ಹಿಡಿದಾಗ ಅದು ಮೊಟ್ಟೆ ಇಡ್ತಾ ಇತ್ತು ಕಣೇ. ನನ್ನ ಹೊಟ್ಟೇಲಿ ನಿನ್ನ ಗಂಡ ಒದೀತಾ ಇದ್ದ. ಎಳೆದು ಬಿಡಿಸೋಕೆ ಮನಸ್ಸು ಬರಲಿಲ್ಲ, ಕಡ್ಡಿ ಸಮೇತ ಅಂಟಿಸಿದೆ. ಆಗಿನ ಮುಖ್ಯಸ್ಥರು ನೋಡಿ, ಹುಲ್ಲು ಯಾಕಮ್ಮಾ, ಸತ್ತ ಹುಳ ಮೇಯುತ್ತಾ ಅಂತ ನಕ್ಕರು. ಎಲ್ಲರೂ ನಕ್ಕರು. ಆಮೇಲೆ ನಾನು ಅದರ ಬಗ್ಗೆ ಬಾಯಿ ಬಿಡಲಿಲ್ಲ."

ಸೊಸೆ ಅತ್ತೆಯ ಮಂಡಿಯ ಮೇಲೆ ಕೈಯಿಟ್ಟು ಕೂತಳು. "ನಿಮ್ಮ ಹೆಸರೇ ಉಳಿಯುತ್ತೆ ಅತ್ತೆ. ನೆಂಟಸ್ತನಕ್ಕಲ್ಲ. ಮಾವನ ಹುಳ ತಾನು ಯಾವ ಪ್ರಭೇದ ಅಂತಷ್ಟೇ ಹೇಳುತ್ತೆ, ನಿಮ್ಮದು ಅದನ್ನೂ ಹೇಳುತ್ತೆ, ಹೇಗೆ ಬದುಕುತ್ತೆ ಅಂತಲೂ ಹೇಳುತ್ತೆ. ಹಾಗೇ ಬರೀತೀನಿ."

ಅತ್ತೆ ಸೊಸೆಯ ತಲೆ ಸವರಿ, "ಹೋಗು, ಒಂದು ಲೋಟ ನೀರು ತಗೊಂಡು ಬಾ," ಅಂದರು. ಸೊಸೆ ತಂದುಕೊಟ್ಟಳು. ಪೂರ್ತಿ ಕುಡಿದರು.

ಮುಖ್ಯಸ್ಥರು ಸೂಕ್ಷ್ಮದರ್ಶಕದಲ್ಲಿ ನೋಡಿ, ಬಿಸ್ಕತ್ತು ಚಹಾದಲ್ಲಿ ಮುರಿದು ಮುಳುಗಿದ್ದೂ ಗೊತ್ತಾಗದೆ, "ಇನ್ನೇನು ಅನುಮಾನ, ಬರೀರಿ," ಅಂದರು. ಸೋಮವಾರ ಅತ್ತೆಯ ಮಂಡಿ ನೋವು ತಾನಾಗಿ ವಾಸಿಯಾಯಿತು. ಊಟದ ಡಬ್ಬಿಯೊಂದಿಗೆ ಬಂದವರು ಸೀದಾ ತಮ್ಮ ಬೀರು ತೆರೆದು, ನೆಲದಮ್ಮನ ಖಾನೆಯನ್ನು ಹೊರಗೆಳೆದು ಮೇಜಿನ ಮೇಲಿಟ್ಟರು. ಒಂದೇ ಪ್ರಭೇದ ಅಂದ ಮೇಲೆ ಎರಡು ಬೀರುವಿನಲ್ಲಿ ಇಡುವ ಹಾಗಿಲ್ಲವಲ್ಲ.

"ರೀ, ಅಲ್ಲೇ ನಿಂತು ಏನ್ ಮಾಡ್ತಿದೀರ? ತನ್ನಿ ನಿಮ್ಮ ಗಂಡುಗಳನ್ನ."

ಮಾವ ತಮ್ಮ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಮೂವತ್ತು ವರ್ಷ ದಾಟದ ಆ ನಾಲ್ಕು ಹೆಜ್ಜೆ ದಾಟಿ ಬಂದರು.

"ಕೈ ನಡುಗಿಸ್ಬೇಡಿ. ಕಾಲು ಮುರಿದ್ರೆ ನೋಡಿ."

"ನನ್ನ ಕೆಂಪು ಚೀಟಿ ಕೀಳಬೇಕಾ?"

"ಯಾಕೆ ಕೀಳ್ತೀರಿ? ಚೀಟಿ ಚೀಟಿನೇ. ಹೆಸರು ಕೆಳಗೆ ಹೋಗುತ್ತೆ, ಅಷ್ಟೇ."

"ಕೆಳಗೆ ಅಂದ್ರೆ ನಿನ್ನ ಹೆಸರಿನ ಕೆಳಗೇ ತಾನೇ?"

"ಹೂಂ."

"ಹಾಗಾದ್ರೆ ಪರವಾಗಿಲ್ಲ ಬಿಡು, ರೂಢಿ ಇರೋ ಜಾಗ."

ಅತ್ತೆ ನಗು ತಡೆದುಕೊಂಡು, ತಮ್ಮ ಹಸಿರು ಸಾಲನ್ನು ಒಂದೊಂದೇ ಸೂಜಿ ಕಿತ್ತು ಒತ್ತಟ್ಟಿಗೆ ಸರಿಸಿ ಜಾಗ ಮಾಡಿದರು. ಮಾವ ಕಂದು ಹುಳಗಳನ್ನು ಒಂದೊಂದಾಗಿ ಚುಚ್ಚಿದರು. ಸಾಲು ಸೊಟ್ಟಗಾಯಿತು. ಅತ್ತೆ ಬೈದರು. ಮಾವ ತಿರುಗಿ ಬೈದರು. ನಡುವೆ ಕೂತ ಸೊಸೆಗೆ ಎಷ್ಟೋ ದಿನದ ಮೇಲೆ ಹಾಯೆನಿಸಿತು. ಲೇಖನದ ಕೊನೆಯ ಸಾಲುಗಳು ಬಾಕಿಯಿದ್ದವು. ಪೆನ್ನು ಹಿಡಿದು ಕೇಳಿದಳು:

"ಅತ್ತೆ, ಗಂಡು ಸಿಕ್ಕಿದೆ ಅಂತ ಬರೀತಿದೀನಿ. ಎಲ್ಲಿ ಸಿಕ್ತು ಅಂತ ಬರೀಬೇಕಲ್ಲ, ಏನಂತ ಬರೀಲಿ?"

ಅತ್ತೆ ಮಾವನ ಕಡೆ ನೋಡಿದರು. ಮಾವ ನಾಲಿಗೆ ಕಚ್ಚಿಕೊಂಡು, ಸೊಟ್ಟಗಿದ್ದ ಸೂಜಿಯೊಂದನ್ನು ನೇರ ಮಾಡುತ್ತಿದ್ದರು. ಇವರ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ.

"ಪಕ್ಕದಲ್ಲೇ ಇತ್ತು ಅಂತ ಬರಿ," ಅಂದರು ಅತ್ತೆ. "ನಾನು ತಲೆ ಎತ್ತಿ ನೋಡಿರಲಿಲ್ಲ."